ಊರಿನ ಬಾನುಲಿಯ ನೆನಪುಗಳನ್ನು ದಾಖಲಿಸುವ ಕ್ರಮ

ಬಾನುಲಿ ನಿಲಯವೊಂದರಲ್ಲಿ ಹಿಂದೆ ದುಡಿದವರನ್ನೂ ಅದನ್ನು ಕೇಳುತ್ತ ಬೆಳೆದವರನ್ನೂ ಒಂದೆಡೆ ಕೂರಿಸಿ, ಅವರ ನೆನಪುಗಳನ್ನು ಧ್ವನಿಮುದ್ರಿಸಿ ಉಳಿಸಬೇಕೆಂದು ಬಯಸುವ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ದೊಡ್ಡ ಹಣ ಬೇಡ, ಸಂಸ್ಥೆಯೊಂದರ ಬೆಂಬಲವೂ ಅನಿವಾರ್ಯವಲ್ಲ. ಆದರೆ ತಾಳ್ಮೆ ಬೇಕು, ಸ್ವಲ್ಪ ತಾಂತ್ರಿಕ ತಿಳಿವಳಿಕೆ ಬೇಕು, ಎಲ್ಲಕ್ಕಿಂತ ಮೊದಲು ಯಾರನ್ನು ಯಾರ ಎದುರು ಕೂರಿಸಬೇಕೆಂಬ ವಿವೇಕ ಬೇಕು.

ನಿಲಯಗಳ ಸಂಗ್ರಹದಲ್ಲಿ ಸಾಮಾನ್ಯವಾಗಿ ಉಳಿಯುವುದು ದೊಡ್ಡ ಗವಾಯಿಗಳ ಗಾಯನ, ನಾಟಕ, ಗಣ್ಯರ ಭಾಷಣ. ಪಂಡಿತ ಮಲ್ಲಿಕಾರ್ಜುನ ಮನ್ಸೂರರಂಥವರು ಸಂಗೀತ ಸಲಹೆಗಾರರಾಗಿದ್ದ ಧಾರವಾಡ ಆಕಾಶವಾಣಿಯ ಬಗ್ಗೆ ಮಾತನಾಡುವಾಗ ಅಂಥ ಧ್ವನಿಗಳ ನೆನಪೇ ಮೊದಲು ಬರುವುದು ಸಹಜ, ನ್ಯಾಯವೂ ಹೌದು. ಆದರೆ ಕೇಳುಗರ ದಿನವನ್ನು ತುಂಬಿದ್ದು ಬೇರೆಯೇ: ಕೋರಿಕೆಯ ಚಿತ್ರಗೀತೆ, ಪತ್ರಗಳಿಗೆ ಕೊಟ್ಟ ಉತ್ತರ, ಯುವಕರ ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ ಉದ್ಘೋಷಕರು ಆಡಿದ ನಾಲ್ಕು ಮಾತು. ಇವುಗಳಲ್ಲಿ ಹೆಚ್ಚಿನವು ನೇರವಾಗಿ ಪ್ರಸಾರವಾದವು. ಮುದ್ರಿಸಿಕೊಂಡಿದ್ದರೂ ದೊಡ್ಡ ಸುರುಳಿಗೆ ಸುತ್ತಿದ ಸ್ಪೂಲ್ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಅಳಿಸಿ ಮತ್ತೆ ಬಳಸುವುದು ಬಾನುಲಿಯಲ್ಲಿ ವಾಡಿಕೆಯಾಗಿತ್ತು. ಹೀಗಾಗಿ ಅವು ಈಗ ಜನರ ನೆನಪಿನಲ್ಲಿ ಮತ್ತು ಮನೆಗಳ ಅಟ್ಟದ ಮೇಲಿರುವ ಕ್ಯಾಸೆಟ್ಟುಗಳಲ್ಲಿ ಮಾತ್ರ ಇವೆ.

ಆ ನೆನಪಾದರೂ ಒಬ್ಬರ ಬಳಿ ಇಡಿಯಾಗಿ ಇರುವುದಿಲ್ಲ. ಮೈಕಿನ ಮುಂದೆ ಕುಳಿತವರಿಗೆ ತಮ್ಮ ಮಾತು ಯಾವ ಮನೆಯ ಯಾವ ಮೂಲೆಗೆ ತಲುಪಿತೆಂಬುದು ತಿಳಿದಿರಲಿಲ್ಲ. ಕೇಳಿದವರಿಗೆ ಸ್ಟುಡಿಯೋದ ಒಳಗು ಹೇಗಿತ್ತೆಂಬುದು ಗೊತ್ತಿರಲಿಲ್ಲ. ಸಿಬ್ಬಂದಿಯನ್ನಷ್ಟೇ ಕೇಳಿದರೆ ವರ್ಗಾವಣೆ, ಬಡ್ತಿ, ಯಂತ್ರಗಳ ಚರಿತ್ರೆ ಸಿಗುತ್ತದೆ. ಕೇಳುಗರನ್ನಷ್ಟೇ ಕೇಳಿದರೆ ಹಾಡುಗಳ ಪಟ್ಟಿ ಸಿಗುತ್ತದೆ. ಇಬ್ಬರನ್ನೂ ಎದುರುಬದುರು ಕೂರಿಸಿದಾಗ ಮಾತ್ರ ನಿಲಯವೊಂದು ಊರಿನೊಳಗೆ ಹೇಗೆ ಬದುಕಿತ್ತೆಂಬುದು ಹೊರಬರುತ್ತದೆ. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

ಮೊದಲು ಎಲ್ಲೆ ಹಾಕಿಕೊಳ್ಳಿ

‘ನಮ್ಮ ಭಾಗದ ಬಾನುಲಿಯ ಇತಿಹಾಸ’ ಎಂದು ಹೊರಟರೆ ಕೆಲಸ ಮುಗಿಯುವುದಿಲ್ಲ. ಈ ಮೂರು ಜಿಲ್ಲೆಗಳ ಕಿವಿಗೆ ಬಾನುಲಿ ಹಲವು ದಿಕ್ಕುಗಳಿಂದ ಬಂದಿದೆ. 1950ರಲ್ಲಿ ಆರಂಭವಾದ ಧಾರವಾಡ ನಿಲಯವನ್ನು ಮಧ್ಯಮ ತರಂಗದ (ಮೀಡಿಯಂ ವೇವ್) 765 ಕಿಲೋಹರ್ಟ್ಸ್‌ನಲ್ಲಿ ಹಿಡಿದವರಿದ್ದಾರೆ; ಸಾಂಗಲಿ ನಿಲಯದ ಮರಾಠಿ ಕಾರ್ಯಕ್ರಮಗಳಿಗೆ ಕಾದು ಕುಳಿತ ಬೆಳಗಾವಿಯ ಮನೆಗಳಿವೆ; ಸಿಲೋನ್ (ಇಂದಿನ ಶ್ರೀಲಂಕಾ) ಕೇಂದ್ರದ ಹಿಂದಿ ಹಾಡುಗಳಿಂದಲೇ ಬೆಳಗು ಮಾಡಿಕೊಂಡವರಿದ್ದಾರೆ; ವಿಜಯಪುರದ ಆಕಾಶವಾಣಿ ಎಫ್.ಎಂ. ನಿಲಯ, ಬೆಳಗಾವಿಯ ಕೆ.ಎಲ್.ಇ. ವೇಣುಧ್ವನಿ ಸಮುದಾಯ ಬಾನುಲಿ (ಸುತ್ತಲಿನ ಜನರಿಗಾಗಿ ನಡೆಯುವ ಕಿರು ನಿಲಯ) ಆನಂತರದ ಪೀಳಿಗೆಯವು. ಆದ್ದರಿಂದ ಒಂದು ನಿಲಯ, ಒಂದು ಕಾರ್ಯಕ್ರಮ, ಒಂದು ಹತ್ತು ವರ್ಷದ ಅವಧಿ ಎಂದು ಗೊತ್ತುಮಾಡಿಕೊಳ್ಳಬೇಕು. ಎಲ್ಲೆ ಚಿಕ್ಕದಾದಷ್ಟೂ ನೆನಪು ಆಳಕ್ಕೆ ಇಳಿಯುತ್ತದೆ.

ಯಾವ ಕಾರ್ಯಕ್ರಮವನ್ನು ಆರಿಸಬೇಕೆಂದು ಕೇಳಿದರೆ, ಯುವಕರ ಸಂಗೀತದ ವೇಳೆಯನ್ನು ಆರಿಸಿ ಎಂಬುದು ನನ್ನ ಸಲಹೆ. ಅದರಲ್ಲೂ ರಾಕ್ ಸಂಗೀತ ಕೇಳಿದವರ ನೆನಪುಗಳು ಬೇಗ ಚದುರಿಹೋಗುವಂಥವು. ಆಕಾಶವಾಣಿಯಲ್ಲಿ ಯುವಕರಿಗೆಂದೇ ‘ಯುವವಾಣಿ’ 1969ರಲ್ಲಿ ದೆಹಲಿಯಿಂದ ಆರಂಭವಾಗಿ ಬೇರೆ ನಿಲಯಗಳಿಗೂ ಹಬ್ಬಿತು. ಆದರೆ ಗಿಟಾರು, ಡ್ರಮ್ಮುಗಳ ಸಂಗೀತ ಬೇಕೆನಿಸಿದ ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಹ್ರಸ್ವ ತರಂಗದ (ಶಾರ್ಟ್ ವೇವ್) ವಿದೇಶಿ ಕೇಂದ್ರಗಳನ್ನೂ ಸಿಲೋನ್ ಕೇಂದ್ರದ ಇಂಗ್ಲಿಷ್ ಪ್ರಸಾರವನ್ನೂ ಹುಡುಕಿದರು. ಓದಲೆಂದು ಬೆಂಗಳೂರಿಗೆ ಹೋದವರು ಅಲ್ಲಿ 2001ರಿಂದ ಶುರುವಾದ ಖಾಸಗಿ ಎಫ್.ಎಂ. ನಿಲಯಗಳನ್ನೂ, 2006ರಲ್ಲಿ ಬಂದ, ಅಂತರರಾಷ್ಟ್ರೀಯ ಸಂಗೀತಕ್ಕೆ ಮೀಸಲಾದ ರೇಡಿಯೋ ಇಂಡಿಗೋವನ್ನೂ ಕೇಳಿದರು. ಮನೆಯಲ್ಲಿ ಯಾರಿಗೂ ಅರ್ಥವಾಗದ ಹಾಡನ್ನು ದನಿ ತಗ್ಗಿಸಿಕೊಂಡು ಒಬ್ಬರೇ ಕೇಳಿದ ಈ ಜನ, ತಮ್ಮಂತೆ ಇನ್ನೊಬ್ಬರು ಪಕ್ಕದ ಓಣಿಯಲ್ಲೇ ಇದ್ದರೆಂಬುದನ್ನು ಎಷ್ಟೋ ಸಲ ಈಗಲೇ ತಿಳಿಯುತ್ತಾರೆ. ಅಂಥವರನ್ನು ಒಟ್ಟಿಗೆ ತರುವುದು ದಾಖಲೆಗಿಂತ ಹೆಚ್ಚಿನ ಕೆಲಸ.

ಜನರನ್ನು ಹುಡುಕುವುದು

ಸಿಬ್ಬಂದಿ ಎಂದಾಗ ಎಲ್ಲರಿಗೂ ಉದ್ಘೋಷಕರ ಹೆಸರು ನೆನಪಾಗುತ್ತದೆ. ಅವರನ್ನು ಹುಡುಕುವುದು ಕಷ್ಟವಲ್ಲ. ಹುಡುಕಬೇಕಾದವರು ಡ್ಯೂಟಿ ರೂಮಿನಲ್ಲಿ ಕುಳಿತು ಪ್ರಸಾರದ ದಿನಚರಿ ಬರೆದವರು, ಟ್ರಾನ್ಸ್‌ಮಿಟರಿನ ಪಾಳಿಯಲ್ಲಿ ರಾತ್ರಿ ಕಳೆದ ತಂತ್ರಜ್ಞರು, ಧ್ವನಿಮುದ್ರಿಕೆಗಳ ಭಂಡಾರ ನೋಡಿಕೊಂಡವರು, ಕೋರಿಕೆ ಪತ್ರಗಳನ್ನು ಬಿಡಿಸಿ ವಿಂಗಡಿಸಿದವರು, ಧ್ವನಿಮುದ್ರಣಕ್ಕೆಂದು ಹಳ್ಳಿಗಳಿಗೆ ಹೋದ ಜೀಪಿನ ಚಾಲಕರು. ಇವರಿಗಿಂತಲೂ ಕಣ್ತಪ್ಪಿಹೋಗುವವರು ತಾತ್ಕಾಲಿಕ ಉದ್ಘೋಷಕರು. ತಿಂಗಳಿಗೆ ಕೆಲವೇ ಪಾಳಿಗಳ ಲೆಕ್ಕದಲ್ಲಿ ದುಡಿದ ಇವರ ಹೆಸರು ನಿವೃತ್ತರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಈಗ ಅವರು ಶಿಕ್ಷಕರೋ ವಕೀಲರೋ ವಿಮಾ ಪ್ರತಿನಿಧಿಗಳೋ ಆಗಿರುತ್ತಾರೆ. ಯುವಕರ ಕಾರ್ಯಕ್ರಮಗಳನ್ನು ಎಷ್ಟೋ ಕಡೆ ನಡೆಸಿದವರು ಇವರೇ ಆದ್ದರಿಂದ ಇವರಿಲ್ಲದ ದಾಖಲೆ ಅರ್ಧದಾಖಲೆ. ಸಮುದಾಯ ಬಾನುಲಿಯಲ್ಲಿ ಈ ಸ್ಥಾನ ಸ್ವಯಂಸೇವಕ ವಿದ್ಯಾರ್ಥಿಗಳದು.

ಕೇಳುಗರನ್ನು ಹುಡುಕಲು ಹಳೆಯ ರೇಡಿಯೋ ರಿಪೇರಿ ಅಂಗಡಿಯಿಂದ ಹೊರಡುವುದು ಒಳ್ಳೆಯದು. ಯಾವ ಮನೆಯಲ್ಲಿ ಯಾವ ಸೆಟ್ ಇತ್ತು, ಯಾರು ಹ್ರಸ್ವ ತರಂಗ ಸರಿಯಾಗಿ ಬರುತ್ತಿಲ್ಲವೆಂದು ಪದೇ ಪದೇ ಬರುತ್ತಿದ್ದರು ಎಂಬುದು ಅಂಗಡಿಯವರಿಗೆ ಗೊತ್ತಿರುತ್ತದೆ. ಹಾಡುಗಳ ಪಟ್ಟಿ ಕೊಟ್ಟರೆ ಕ್ಯಾಸೆಟ್ ತುಂಬಿಕೊಡುತ್ತಿದ್ದ ಅಂಗಡಿಗಳ ಮಾಲೀಕರು, ಕಾಲೇಜು ವಸತಿನಿಲಯಗಳಲ್ಲಿ ಇದ್ದವರು, ಮದುವೆ ಮತ್ತು ಗಣೇಶೋತ್ಸವಗಳಲ್ಲಿ ನುಡಿಸಿದ ಆರ್ಕೆಸ್ಟ್ರಾದ ಗಿಟಾರು ವಾದಕರು, ಬೆಳಗಾವಿಯ ಕ್ಯಾಂಪ್ ಭಾಗದ ಹಳೆಯ ನಿವಾಸಿಗಳು, ಚರ್ಚಿನ ಗಾಯನವೃಂದದವರು, ಇವರನ್ನೆಲ್ಲ ವಿಚಾರಿಸಿದರೆ ರಾಕ್ ಕೇಳುಗರ ಸುಳಿವು ಸಿಗುತ್ತದೆ.

ಬಾಗಲಕೋಟೆ ಜಿಲ್ಲೆಯವರು ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳ ನೇಕಾರರ ಮನೆಗಳನ್ನು ಬಿಡಬಾರದು. ಕೈ ಮಗ್ಗದ ಮೇಲಿದ್ದರೂ ಕಿವಿ ಬಿಡುವಾಗಿರುವ ಕೆಲಸ ಅದು. ಕಾರ್ಯಕ್ರಮಗಳನ್ನು ವೇಳೆಯ ಸಮೇತ ನೆನಪಿಟ್ಟುಕೊಂಡವರು ಅಲ್ಲಿ ಸಿಗುತ್ತಾರೆ. ಆಲಮಟ್ಟಿಯ ಹಿನ್ನೀರಿನಿಂದ ಮುಳುಗಿದ ಹಳೆಯ ಬಾಗಲಕೋಟೆಯ ಓಣಿಗಳಿಂದ ನವನಗರಕ್ಕೆ ಹೋದವರನ್ನು ಕಂಡಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ರೇಡಿಯೋ ಎಲ್ಲಿತ್ತೆಂದು ಕೇಳಿದರೆ ಅವರು ಮನೆಯನ್ನೇ ನೆನೆಯುತ್ತಾರೆ. ಆ ಮಾತು ನಿಮ್ಮ ವಿಷಯದಿಂದ ದೂರ ಹೋದರೂ ನಡುವೆ ತಡೆಯಬೇಡಿ. ಅದು ಮುಗಿದ ಮೇಲೆ ಅವರೇ ರೇಡಿಯೋಗೆ ಮರಳಿ ಬರುತ್ತಾರೆ.

ಕೂಟ ಹೇಗಿರಬೇಕು

ಸಭೆ ಬೇಡ. ವೇದಿಕೆ, ಬ್ಯಾನರು, ಶಾಲು, ಹಾರ, ಉದ್ಘಾಟನೆ ಇವು ಬಂದೊಡನೆ ನೆನಪು ಭಾಷಣವಾಗಿ ಮಾರ್ಪಡುತ್ತದೆ; ಸತ್ಕಾರ ಪಡೆದವರು ಕೃತಜ್ಞತೆ ಹೇಳುತ್ತಾರೆ, ಕೇಳುಗರು ಚಪ್ಪಾಳೆ ತಟ್ಟುತ್ತಾರೆ, ಯಾರೂ ಏನನ್ನೂ ಹೇಳದೆ ಊಟಕ್ಕೆ ಏಳುತ್ತಾರೆ. ಸತ್ಕಾರ ಮಾಡಲೇಬೇಕೆನಿಸಿದರೆ ದಾಖಲೆಯ ಕೆಲಸವೆಲ್ಲ ಮುಗಿದ ಮೇಲೆ ಬೇರೊಂದು ದಿನ ಮಾಡಿ. ನೆನಪಿನ ಕೂಟಕ್ಕೆ ಆರರಿಂದ ಎಂಟು ಜನ ಸಾಕು: ಅರ್ಧ ನಿಲಯದವರು, ಅರ್ಧ ಕೇಳುಗರು. ಒಂದು ಮನೆಯ ಪಡಸಾಲೆ, ನೆಲದ ಮೇಲೆ ಜಮಖಾನೆ, ವಯಸ್ಸಾದವರಿಗೆ ಕುರ್ಚಿ, ಅಷ್ಟೇ.

ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಕೂಟ ಇಟ್ಟುಕೊಳ್ಳಬಾರದು. ಫ್ಯಾನಿಲ್ಲದೆ ಕೂರಲಾಗುವುದಿಲ್ಲ, ಫ್ಯಾನು ಹಾಕಿದರೆ ಅದರ ಸದ್ದು ಮುದ್ರಣದುದ್ದಕ್ಕೂ ಮಾತಿನ ಮೇಲೆ ಹೊದ್ದುಕೊಳ್ಳುತ್ತದೆ. ಬೆಳಗಾವಿಯಲ್ಲಿ ಮಳೆಗಾಲದ ತಗಡಿನ ಚಾವಣಿಯದೂ ಇದೇ ತೊಂದರೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ದಿನಗಳು ಮೂರೂ ಜಿಲ್ಲೆಗಳಿಗೆ ಅನುಕೂಲ. ಸಂತೆಯ ದಿನ, ಜಾತ್ರೆಯ ದಿನ ಬಿಟ್ಟು, ಮಧ್ಯಾಹ್ನದ ಊಟದ ನಂತರದ ಎರಡು ಗಂಟೆಗಳನ್ನು ಆರಿಸಿಕೊಳ್ಳಿ. ಮುದ್ರಣಕ್ಕೆ ಸಾಧಾರಣ ಡಿಜಿಟಲ್ ರೆಕಾರ್ಡರ್ ಸಾಕು. ಫೋನನ್ನೇ ಬಳಸುವುದಾದರೆ ಕರೆಗಳು ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿ, ಕೂಟದ ನಡುವೆ ಮಡಚಿದ ಟವೆಲಿನ ಮೇಲಿಡಿ, ಬರಿಯ ಮೇಜಿನ ಮೇಲಿಟ್ಟರೆ ಚಹಾದ ಕಪ್ಪು ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಎರಡು ಸಾಧನಗಳಲ್ಲಿ ಒಟ್ಟಿಗೆ ಮುದ್ರಿಸುವುದು ಇನ್ನೂ ಒಳ್ಳೆಯದು. ಆರಂಭದಲ್ಲಿ ದಿನಾಂಕ, ಊರು, ಕುಳಿತವರ ಹೆಸರುಗಳನ್ನು ಅವರವರ ಬಾಯಿಂದಲೇ ಹೇಳಿಸಿ. ಬರೆದುಕೊಳ್ಳುವವರಿಗೆ ಮುಂದೆ ದನಿ ಗುರುತಿಸಲು ಇದರಿಂದ ಸುಲಭವಾಗುತ್ತದೆ.

ಮಾತಿಗಿಂತ ಮೊದಲು ಒಂದು ಧ್ವನಿ ಕೇಳಿಸಬೇಕು. ಆಕಾಶವಾಣಿಯ ಸಂಕೇತ ಸಂಗೀತ ಎಲ್ಲರಿಗೂ ಗೊತ್ತು. ವಾಲ್ಟರ್ ಕೌಫ್‌ಮನ್ ಎಂಬ ಯೂರೋಪಿನ ಸಂಗೀತಗಾರ 1936ರ ಸುಮಾರಿಗೆ ಶಿವರಂಜಿನಿ ರಾಗದ ಛಾಯೆಯಲ್ಲಿ ಸಂಯೋಜಿಸಿದ ಆ ತುಣುಕನ್ನು ಕೇಳಿದೊಡನೆ ಎಲ್ಲರ ಮುಖ ಅರಳುತ್ತದೆ. ಆದರೆ ಅದು ಎಲ್ಲರಲ್ಲೂ ಒಂದೇ ಬಗೆಯ ನೆನಪನ್ನು ಎಬ್ಬಿಸುತ್ತದೆ: ಬೆಳಗಿನ ಜಾವ, ಒಲೆ, ಶಾಲೆಗೆ ಹೊರಡುವ ಗಡಿಬಿಡಿ. ಅದನ್ನು ಒಮ್ಮೆ ಕೇಳಿಸಿ, ಕೂಡಲೇ ನಿಮ್ಮ ಆಯ್ಕೆಯ ಕಾರ್ಯಕ್ರಮಕ್ಕೆ ಮಾತ್ರ ಸೇರಿದ ಯಾವುದಾದರೂ ಧ್ವನಿಗೆ ಬನ್ನಿ. ಹಳೆಯ ಕ್ಯಾಸೆಟ್ಟಿನಿಂದ ಉದ್ಘೋಷಕರ ಅರ್ಧ ನಿಮಿಷದ ಮಾತು ಸಿಕ್ಕರೆ ಅದಕ್ಕಿಂತ ಉತ್ತಮವಾದುದಿಲ್ಲ. ಏನೂ ಸಿಗದಿದ್ದರೆ, ಹಳೆಯ ಸೆಟ್ಟಿನ ಮುಳ್ಳು ತಿರುಗಿಸುವಾಗಿನ ಹಿಸ್ಸೆನ್ನುವ ಸದ್ದೇ ಸಾಕು. ಹ್ರಸ್ವ ತರಂಗ ಕೇಳಿದವರಿಗೆ ಆ ಸದ್ದು ಹಾಡಿನಷ್ಟೇ ಆಪ್ತ.

ಏನನ್ನು ಕೇಳಬೇಕು

‘ಆ ಕಾಲ ಹೇಗಿತ್ತು?’ ಎಂದು ಕೇಳಬಾರದು. ‘ಬಹಳ ಛಲೋ ಇತ್ತರಿ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಜಾಗ, ವೇಳೆ, ವಸ್ತು, ಕೈ ಇವುಗಳ ಬಗ್ಗೆ ಕೇಳಿ. ಸೆಟ್ ಎಲ್ಲಿತ್ತು, ಗೂಡಿನಲ್ಲೋ ಮೇಜಿನ ಮೇಲೋ? ಅದರ ಮೇಲೆ ಹೆಣಿಕೆಯ ಹೊದಿಕೆ ಇತ್ತೋ? ಮುಳ್ಳು ತಿರುಗಿಸುವ ಅಧಿಕಾರ ಮನೆಯಲ್ಲಿ ಯಾರದಾಗಿತ್ತು? ಸೆಲ್ಲು ಸತ್ತಾಗ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದರೋ? 1980ರ ದಶಕದ ನಡುಭಾಗದವರೆಗೂ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವಾರ್ಷಿಕ ಶುಲ್ಕ ಕಟ್ಟಿ ಪರವಾನಗಿ ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕಿತ್ತು; ಆ ಪುಸ್ತಕ ಯಾರ ಹೆಸರಿನಲ್ಲಿತ್ತು, ಈಗ ಎಲ್ಲಿದೆ? ಹಳೆಯ ಪೆಟ್ಟಿಗೆಯಿಂದ ಅದು ಹೊರಬಂದರೆ ಕೂಟದ ಮಾತಿಗೆ ಹೊಸ ದಾರಿ ತೆರೆಯುತ್ತದೆ.

ರಾಕ್ ಕೇಳಿದವರಿಗೆ ಇನ್ನೂ ನಿರ್ದಿಷ್ಟವಾಗಿ ಕೇಳಬೇಕು. ಆ ಸಂಗೀತದ ಹೆಸರು ಮೊದಲು ಯಾರಿಂದ ಕೇಳಿದಿರಿ? ಹಾಡಿನ ಮಾತು ತಿಳಿಯದಿದ್ದಾಗ ಏನನ್ನು ಹಿಡಿದುಕೊಂಡಿರಿ, ತಾಳವನ್ನೋ, ಗಿಟಾರಿನ ಒಂದು ಸುತ್ತನ್ನೋ? ತಂಡದ ಹೆಸರನ್ನು ಕಿವಿಗೆ ಬಿದ್ದಂತೆ ವಹಿಯಲ್ಲಿ ಹೇಗೆ ಬರೆದುಕೊಂಡಿರಿ? ಆ ವಹಿ ಸಿಕ್ಕರೆ ಪುಟಗಳನ್ನು ಒಂದೊಂದಾಗಿ ಫೋಟೋ ತೆಗೆಯಿರಿ, ತಪ್ಪಾಗಿ ಬರೆದ ಹೆಸರುಗಳನ್ನು ತಿದ್ದಬೇಡಿ. ದೂರದ ಕೇಂದ್ರಗಳಿಗೆ ಪತ್ರ ಬರೆದವರಿದ್ದರೆ ಅವರ ಬಳಿ ಕ್ಯೂಎಸ್ಎಲ್ ಕಾರ್ಡುಗಳು ಇರಬಹುದು. ನಿಮ್ಮ ಪ್ರಸಾರ ನಮಗೆ ಇಂಥ ದಿನ, ಇಂಥ ಆವರ್ತನದಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿತೆಂದು ಕೇಳುಗ ಬರೆದ ವರದಿಗೆ ಕೇಂದ್ರ ಕಳಿಸುತ್ತಿದ್ದ ದೃಢೀಕರಣದ ಕಾರ್ಡು ಅದು. ದಿನಾಂಕ, ವೇಳೆ, ಆವರ್ತನ ಮೂರೂ ಅದರಲ್ಲಿ ಸಾಮಾನ್ಯವಾಗಿ ಇರುವುದರಿಂದ ನೆನಪಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಇಲ್ಲ. ಅಲ್ಲಿನ ವೇಳೆ ಹೆಚ್ಚಾಗಿ ವಿಶ್ವಮಾನ್ಯ ಕಾಲದಲ್ಲಿರುತ್ತದೆ (ಯುಟಿಸಿ). ಐದೂವರೆ ಗಂಟೆ ಕೂಡಿಸಿದರೆ ನಮ್ಮ ವೇಳೆ ಸಿಗುತ್ತದೆ.

ನಿಲಯದವರನ್ನು ಕೇಳಬೇಕಾದದ್ದು ಕೆಲಸದ ಸೂಕ್ಷ್ಮಗಳನ್ನು. ಬಂದ ಕೋರಿಕೆ ಪತ್ರಗಳಲ್ಲಿ ಯಾವುದನ್ನು ಓದಬೇಕೆಂದು ಹೇಗೆ ಆರಿಸುತ್ತಿದ್ದಿರಿ? ಹಳ್ಳಿಯ ಹೆಸರನ್ನು ಸರಿಯಾಗಿ ಉಚ್ಚರಿಸಲು ಯಾರನ್ನು ಕೇಳುತ್ತಿದ್ದಿರಿ? ಗ್ರಾಮಫೋನ್ ಮುದ್ರಿಕೆಯ ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡಾಗ ಮೈಕಿನಲ್ಲಿ ಏನು ಹೇಳಿದಿರಿ? ಪ್ರಸಾರದ ಕ್ರಮ ಬರೆದ ಕ್ಯೂ ಶೀಟಿನಲ್ಲಿ ಒಂದು ಹಾಡು, ಕೈಗೆ ಸಿಕ್ಕ ಮುದ್ರಿಕೆಯಲ್ಲಿ ಇನ್ನೊಂದು ಹಾಡು ಇದ್ದರೆ ಏನು ಮಾಡುತ್ತಿದ್ದಿರಿ? ಪಾಶ್ಚಾತ್ಯ ಸಂಗೀತದ ಮುದ್ರಿಕೆಗಳು ಭಂಡಾರಕ್ಕೆ ಎಲ್ಲಿಂದ ಬಂದವು, ಯಾರಾದರೂ ಮನೆಯಿಂದ ತಂದದ್ದಿತ್ತೋ? ಇಂಥ ಪ್ರಶ್ನೆಗಳಿಗೆ ಅಧಿಕಾರಿಗಳಿಗಿಂತ ಪಾಳಿಯಲ್ಲಿದ್ದವರ ಉತ್ತರ ನಿಖರವಾಗಿರುತ್ತದೆ.

ಆಮೇಲೆ ಎರಡೂ ಕಡೆಯವರನ್ನು ಕೂಡಿಸುವ ಕೆಲಸ. ಕೇಳುಗರೊಬ್ಬರು ತಾವು ಬರೆದ ಪತ್ರ ಓದಲ್ಪಟ್ಟ ಸಂಜೆಯನ್ನು ಹೇಳುತ್ತಿದ್ದರೆ, ಆ ಪಾಳಿಯಲ್ಲಿ ಇದ್ದಿರಬಹುದಾದವರ ಕಡೆ ತಿರುಗಿ ಅವರ ಬದಿಯ ಸಂಜೆಯನ್ನು ಕೇಳಿ. ತಮ್ಮ ಹೆಸರನ್ನು ಮನೆಮಂದಿಯೆಲ್ಲ ಕೂಡಿ ಕೇಳಿದೆವೆಂದು ಹೇಳುವವರು, ಅದನ್ನು ಓದಿದವರಿಗೆ ಆ ಹೊತ್ತಿನಲ್ಲಿ ಸ್ಟುಡಿಯೋದ ಗಡಿಯಾರವೊಂದೇ ಕಾಣುತ್ತಿತ್ತೆಂದು ತಿಳಿದಾಗ ಬೇಸರಪಡುವುದಿಲ್ಲ, ಇನ್ನಷ್ಟು ಕೇಳುತ್ತಾರೆ. ಅಲ್ಲಿಂದ ಮುಂದೆ ಪ್ರಶ್ನೆ ಕೇಳುವವರು ನೀವಲ್ಲ, ಅವರೇ. ಕೂಟ ನಡೆಸುವವರು ಸುಮ್ಮನಾಗಬೇಕಾದ ಗಳಿಗೆ ಅದು. ಯಾರಾದರೂ ಮಾತು ನಿಲ್ಲಿಸಿ ಯೋಚನೆಗೆ ಬಿದ್ದರೆ ಮೌನವನ್ನು ತುಂಬಲು ಹೋಗಬೇಡಿ, ಮುದ್ರಣವನ್ನೂ ನಿಲ್ಲಿಸಬೇಡಿ.

ಕೂಟದಲ್ಲಿ ಹುದ್ದೆಯ ನೆರಳು ಬೀಳುತ್ತದೆ. ನಿವೃತ್ತ ಅಧಿಕಾರಿ ಮೊದಲು ಮಾತಾಡಿದರೆ ಅವರ ಕೈಕೆಳಗೆ ಇದ್ದವರು ‘ಸಾಹೇಬ್ರು ಹೇಳಿದ್ದ ಖರೆ ಅದರಿ’ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ತಾತ್ಕಾಲಿಕ ಉದ್ಘೋಷಕರನ್ನೂ ಪಾಳಿಯ ತಂತ್ರಜ್ಞರನ್ನೂ ಮೊದಲು ಬೇರೆಯಾಗಿ ಕೂರಿಸಿ ಮಾತಾಡಿಸುವುದು ಮೇಲು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ಅಡುಗೆ ಮನೆಯಿಂದ ಕೇಳಿದವರಿಗೆ ಕಾರ್ಯಕ್ರಮಗಳ ವೇಳೆ ಗಂಡಸರಿಗಿಂತ ಚೆನ್ನಾಗಿ ನೆನಪಿರುತ್ತದೆ, ಏಕೆಂದರೆ ಅವರಿಗೆ ರೇಡಿಯೋವೇ ಗಡಿಯಾರವಾಗಿತ್ತು. ಕೂಟದಲ್ಲಿ ಅವರು ಚಹಾ ತಂದಿಟ್ಟು ಒಳಗೆ ಹೋಗಿಬಿಡುತ್ತಾರೆ. ಬೇರೊಂದು ದಿನ ಅವರ ಬಳಿಗೇ ಹೋಗಿ, ‘ಅಕ್ಕಾರ, ನೀವು ಏನ ಕೇಳತಿದ್ರಿ?’ ಎಂದು ಅವರ ನುಡಿಯಲ್ಲೇ ಕೇಳಬೇಕು. ಸಾಧ್ಯವಾದರೆ ಕೇಳುವವರೂ ಹೆಣ್ಣುಮಕ್ಕಳೇ ಆಗಿರಲಿ. ಬೆಳಗಾವಿಯಲ್ಲಿ ಮರಾಠಿಯನ್ನೂ ವಿಜಯಪುರದಲ್ಲಿ ದಖನಿ ಉರ್ದುವನ್ನೂ ಮನೆಮಾತಾಗಿ ಉಳ್ಳ ಕೇಳುಗರಿಗೆ ಆಯಾ ಭಾಷೆಯಲ್ಲೇ ಮಾತಾಡಲು ಬಿಡಿ. ಕನ್ನಡ ನಿಲಯವನ್ನು ಅವರು ಕೇಳಿದ ಬಗೆ ಆ ಭಾಷೆಗಳಲ್ಲೇ ಚೆನ್ನಾಗಿ ಹೊರಬರುತ್ತದೆ.

ಕ್ಯಾಸೆಟ್ಟು, ಸ್ಪೂಲುಗಳ ಆರೈಕೆ

ಕೂಟ ನಡೆದ ವಾರದೊಳಗೆ ಯಾರಾದರೂ ಒಂದು ಚೀಲ ಕ್ಯಾಸೆಟ್ಟು ತಂದುಕೊಡುತ್ತಾರೆ. ಮೊದಲು ಮಾಡಬೇಕಾದದ್ದು ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯುವುದು. ಆಗ ಅದರ ಮೇಲೆ ಅಕಸ್ಮಾತ್ತಾಗಿ ಬೇರೇನೂ ಮುದ್ರಿತವಾಗುವುದಿಲ್ಲ. ಒಳಚೀಟಿಯ ಎರಡೂ ಮಗ್ಗುಲುಗಳ ಫೋಟೋ ತೆಗೆದು ಕ್ರಮಸಂಖ್ಯೆ ಕೊಡಿ. ನುಡಿಸುವ ಯಂತ್ರದಲ್ಲಿ ಟೇಪಿನಿಂದ ದನಿ ಎತ್ತುವ ಹೆಡ್ಡು ಮತ್ತು ರಬ್ಬರಿನ ಉರುಳೆಗಳನ್ನು ಶುಚಿಮಾಡಿ. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಆಗುತ್ತದೆ. ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿದ ಮೇಲೆಯೇ ನುಡಿಸಬೇಕು. ದನಿ ಮಂಕಾಗಿ ಕೇಳಿದರೆ ಟೇಪು ಹಾಳಾಗಿದೆಯೆಂದು ಕೈಬಿಡಬೇಡಿ. ಹೆಡ್ಡಿನ ಪಕ್ಕದ ಚಿಕ್ಕ ತಿರುಪನ್ನು ಅತಿ ಸ್ವಲ್ಪ ತಿರುಗಿಸಿ ಹೆಡ್ಡಿನ ಓರೆಯನ್ನು ಸರಿಹೊಂದಿಸಿದರೆ ಎಷ್ಟೋ ಸಲ ದನಿ ತಿಳಿಯಾಗುತ್ತದೆ. ಇದನ್ನು ಬಲ್ಲ ರಿಪೇರಿ ಅಂಗಡಿಯವರ ಕೈಯಲ್ಲೇ ಮಾಡಿಸುವುದು ಒಳಿತು.

ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಬೇಡ. ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ (.wav) ಕಡತವಾಗಿ ಉಳಿಸಿ, ಹಂಚಲು ಬೇಕಾದರೆ ಅದರಿಂದ ಚಿಕ್ಕ ಪ್ರತಿ ಮಾಡಿಕೊಳ್ಳಬಹುದು. ಮೂಲ ಕಡತದಲ್ಲಿ ಏನನ್ನೂ ಕತ್ತರಿಸಬಾರದು. ಹಾಡು ಶುರುವಾಗುವ ಮೊದಲಿನ ಕೆಮ್ಮು, ಹಿಂದೆ ಕೇಳುವ ತಾಯಿಯ ಕೂಗು, ಅರ್ಧಕ್ಕೆ ತುಂಡಾದ ಜಾಹೀರಾತು ಇವೇ ನಿಮಗೆ ಬೇಕಾದವು; ಆ ಹಾಡಾದರೋ ಬೇರೆಡೆ ಸುಲಭವಾಗಿ ಸಿಗುತ್ತದೆ. ಸ್ಪೂಲ್ ಟೇಪು ಸಿಕ್ಕರೆ ಉತ್ಸಾಹದಿಂದ ಯಂತ್ರಕ್ಕೆ ಹಾಕಬೇಡಿ. ಮೂಸಿದಾಗ ಹುಳಿ ವಾಸನೆ ಬಂದರೆ ಅಥವಾ ಮುಟ್ಟಿದಾಗ ಅಂಟಿದಂತೆ ಅನಿಸಿದರೆ ಅದು ಒಂದೇ ಸಲ ನುಡಿದು ಹಾಳಾಗಬಹುದು. ಪರಿಣತರ ಕೈಗೆ ಒಪ್ಪಿಸುವವರೆಗೂ ತಂಪಾದ ಒಣ ಜಾಗದಲ್ಲಿ ನಿಲ್ಲಿಸಿಡಿ. ಮೂಲ ಕ್ಯಾಸೆಟ್ಟುಗಳನ್ನು ಮಾಲೀಕರಿಗೇ ಮರಳಿಸಿ, ಜೊತೆಗೆ ಅವರ ಮಕ್ಕಳು ಫೋನಿನಲ್ಲಿ ಕೇಳಬಹುದಾದ ಒಂದು ಪ್ರತಿಯನ್ನೂ ಕೊಡಿ.

ಕಾಲನಿರ್ಣಯ ಮತ್ತು ಪರಿಶೀಲನೆ

ಕ್ಯಾಸೆಟ್ಟುಗಳ ಮೇಲೆ, ಪತ್ರಗಳ ಮೇಲೆ ವರ್ಷ ಬರೆದಿರುವುದು ಅಪರೂಪ. ಆದರೂ ಕಾಲವನ್ನು ಎರಡು ಕಡೆಯಿಂದ ಮುತ್ತಬಹುದು. ಮುದ್ರಣದಲ್ಲಿರುವ ಹಾಡು ಬಿಡುಗಡೆಯಾದ ವರ್ಷಕ್ಕಿಂತ ಮೊದಲು ಆ ಪ್ರಸಾರ ಆಗಿರಲಾರದು; ರಾಕ್ ಮುದ್ರಿಕೆಗಳ ಬಿಡುಗಡೆಯ ವರ್ಷ ಸುಲಭವಾಗಿ ತಿಳಿಯುವುದರಿಂದ ಈ ಕ್ರಮ ಅಲ್ಲಿ ಹೆಚ್ಚು ಫಲ ಕೊಡುತ್ತದೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗೆ ಮೊದಲಿನದು. ಮುಧೋಳ, ಹುನಗುಂದ, ಬಾದಾಮಿಗಳಿಂದ ಬಂದ ಕಾರ್ಡಿನಲ್ಲಿ ‘ಜಿಲ್ಲಾ ಬಿಜಾಪುರ’ ಎಂದಿದ್ದರೆ ಬಾಗಲಕೋಟೆ ಜಿಲ್ಲೆಯಾದ 1997ಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು, ಆದರೆ ಹಳೆಯ ರೂಢಿಯಿಂದ ಆಮೇಲೂ ಹಾಗೆ ಬರೆದವರಿದ್ದಾರೆ. ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಬೆಳಗಾವಿ ಎಂದು ಕನ್ನಡದಲ್ಲಿ ಮೊದಲೂ ಬರೆಯುತ್ತಿದ್ದುದರಿಂದ ಆ ಹೆಸರೊಂದನ್ನೇ ನೆಚ್ಚಬಾರದು.

ನೆನಪು ಸರಿಯೋ ಎಂದು ನೋಡಲು ಅಲೆಗಳ ಸ್ವಭಾವವೂ ನೆರವಾಗುತ್ತದೆ. ಮಧ್ಯಮ ತರಂಗವನ್ನು ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರದಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರ್ ದೂರಕ್ಕೆ ಬೀಳುತ್ತವೆ. ಆದ್ದರಿಂದ ರಾತ್ರಿ ಮಾತ್ರ ಬರುತ್ತಿದ್ದ, ಬಂದು ಬಂದು ಮಾಯವಾಗುತ್ತಿದ್ದ ನಿಲಯದ ನೆನಪನ್ನು ಧಾರಾಳವಾಗಿ ನಂಬಬಹುದು. ಎಫ್.ಎಂ. ಅಲೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವ ದಾರಿಯಲ್ಲೇ ಸಾಗುತ್ತವೆ. ವಿಜಯಪುರದ ಬಯಲಿನಲ್ಲಿ ಅವು ದೂರ ಹೋದಾವು, ಖಾನಾಪುರದ ಕಡೆಯ ಗುಡ್ಡಗಳಲ್ಲಿ ತಡೆಯಲ್ಪಟ್ಟಾವು. 100 ವ್ಯಾಟ್ ಮಿತಿಯ ಸಮುದಾಯ ಬಾನುಲಿ ಕೆಲವೇ ಕಿಲೋಮೀಟರ್ ತಲುಪುವಂಥದು. ಯಾರಾದರೂ ಅದನ್ನು ಬಲು ದೂರದ ಊರಿನಲ್ಲಿ ದಿನಾಲೂ ಕೇಳಿದೆನೆಂದರೆ ಅಲ್ಲಗಳೆಯಬೇಡಿ, ಬೇರಾವ ನಿಲಯವಿರಬಹುದೆಂದು ಟಿಪ್ಪಣಿ ಬರೆದುಕೊಳ್ಳಿ. ಇಬ್ಬರ ನೆನಪುಗಳು ಹೊಂದದಿದ್ದರೆ ಎರಡನ್ನೂ ಉಳಿಸಬೇಕು. ಕೂಟದಲ್ಲೇ ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ.

ಅನುಮತಿ, ಬರವಣಿಗೆ, ಒಪ್ಪಿಸುವಿಕೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಸಾರದ ಮೇಲೆ ಪ್ರಸಾರ ಸಂಸ್ಥೆಗೆ 25 ವರ್ಷಗಳ ಹಕ್ಕಿದೆ, ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ನಂತರ 60 ವರ್ಷ ಇರುತ್ತದೆ. ಹೀಗಾಗಿ ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಇಡಿಯಾಗಿ ಎಲ್ಲರಿಗೂ ಸಿಗುವಂತೆ ಹಂಚಲಾಗದು. ಅಧ್ಯಯನಕ್ಕಾಗಿ ಇಟ್ಟುಕೊಳ್ಳುವುದು ಬೇರೆ ಮಾತು. ಉದ್ಘೋಷಕರ ಮಾತಿನ ತುಣುಕನ್ನು ಪ್ರಕಟಿಸುವ ಮೊದಲು ನಿಲಯವನ್ನೂ, ಬದುಕಿದ್ದರೆ ಅವರನ್ನೂ, ಇಲ್ಲವಾದರೆ ಮನೆಯವರನ್ನೂ ಕೇಳಿ. ಕೂಟದಲ್ಲಿ ಮಾತಾಡಿದ ಪ್ರತಿಯೊಬ್ಬರಿಂದ ಕನ್ನಡದಲ್ಲಿ ಬರೆದ ಒಂದು ಪುಟದ ಒಪ್ಪಿಗೆಗೆ ಸಹಿ ಪಡೆಯಿರಿ. ಯಾವ ಭಾಗವನ್ನು ಬೇರೆಯವರಿಗೆ ಕೇಳಿಸಬಾರದೆಂದು ಹೇಳುವ ಅವಕಾಶ ಅದರಲ್ಲಿ ಇರಬೇಕು.

ಬರೆದಿಳಿಸುವಾಗ ಆಡಿದಂತೆಯೇ ಬರೆಯಬೇಕು. ‘ರೇಡಿಯೋ ಹಚ್ಚಿ ಕುಂತಿದ್ವಿ’ ಎಂದದ್ದು ಹಾಗೆಯೇ ಇರಲಿ. ಪ್ರತಿ ಐದು ನಿಮಿಷಕ್ಕೊಮ್ಮೆ ಅಂಚಿನಲ್ಲಿ ವೇಳೆ ನಮೂದಿಸಿದರೆ ಮುಂದೆ ಯಾರಾದರೂ ಆ ಮಾತನ್ನು ಮುದ್ರಣದಲ್ಲಿ ಹುಡುಕಬಹುದು. ಕಡತಗಳ ಮೂರು ಪ್ರತಿಗಳಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಅಥವಾ ನಿಮ್ಮ ಊರಿನ ಹಳೆಯ ಕಾಲೇಜಿನ ಗ್ರಂಥಾಲಯವನ್ನು ಒಂದು ಪ್ರತಿ ಇಟ್ಟುಕೊಳ್ಳುವಂತೆ ಕೇಳಿನೋಡಿ. ಒಪ್ಪಿದರೆ ಸಹಿಯ ಪುಟಗಳ ನಕಲು, ಕುಳಿತವರ ಪಟ್ಟಿ, ಕ್ಯಾಸೆಟ್ಟುಗಳ ಕ್ರಮಸಂಖ್ಯೆಯ ಪಟ್ಟಿ ಮೂರನ್ನೂ ಜೊತೆಗಿಟ್ಟು ಕೊಡಿ, ಇಲ್ಲದಿದ್ದರೆ ಹತ್ತು ವರ್ಷದ ನಂತರ ಯಾರ ದನಿ ಯಾವುದೆಂದು ಯಾರಿಗೂ ತಿಳಿಯದು.

ಬರೆದಿಳಿಸಿದ ಪ್ರತಿಯನ್ನು ಮಾತಾಡಿದವರಿಗೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಕೊಟ್ಟು, ಓದಲು ಕೆಲವು ದಿನ ಬಿಟ್ಟು, ಎರಡನೆಯ ಸಲ ಕೂಡಿಸಿ. ಮೊದಲ ಕೂಟದಲ್ಲಿ ಬಾರದ ಹೆಸರುಗಳು, ತಪ್ಪಿದ ವರ್ಷಗಳು, ಹೇಳಲು ಹಿಂಜರಿದ ಸಂಗತಿಗಳು ಈ ಎರಡನೆಯ ಕೂಟದಲ್ಲಿ ಬರುತ್ತವೆ. ಆದ್ದರಿಂದ ಅದನ್ನೂ ಮೊದಲಿನಷ್ಟೇ ಎಚ್ಚರದಿಂದ ಮುದ್ರಿಸಿಕೊಳ್ಳಬೇಕು.